ಫೋಟೋದಲ್ಲಿದ್ದ ಆಸ್ಟಿನ್ ಕಾರು

ಪೆಂಡಲ್ ಹಿಲ್, ಸಿಡ್ನಿ
೧೯ ಜೂನ್ ೧೯೯೪

ಪ್ರೀತಿಯ ಅಕ್ಕನಿಗೆ,

ಭಾಸ್ಕರ ಮಾಡುವ ನಮಸ್ಕಾರಗಳು. ನಿನ್ನ ಮಂಡಿನೋವು ಈಗ ಹೇಗಿದೆ? ಎಣ್ಣೆ ಹಚ್ಚಿ ಬಿಸಿನೀರು ಹಾಕಿಕೊಂಡರೆ ಸಾಕು ಎಂದು ನೀನು ಬರೆದದ್ದನ್ನು ಓದಿ ಅನುಸೂಯ ಸಿಟ್ಟಾಗಿದ್ದಾಳೆ. ದಯವಿಟ್ಟು ಡಾಕ್ಟರಿಗೆ ತೋರಿಸು. ಭಾವನವರು ಸಂಜೆ ವಾಕಿಂಗಿನಲ್ಲಿ ನಿನ್ನನ್ನು ಹಿಂದೆ ಬಿಟ್ಟು ಹೋಗುವುದು ಇನ್ನೂ ನಿಂತಿಲ್ಲವೇ? ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಚಳಿ ಶುರುವಾಗಿದೆ. ಅಪೇಕ್ಷಾ ಹನ್ನೊಂದನೇ ಕ್ಲಾಸಿಗೆ ಬಂದಿದ್ದಾಳೆ. ನಾವು ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುವುದು ಹಾಗೆಯೇ ನಡೆದಿದೆ.

ಈ ಸಲ ಫೋನ್ ಮಾಡದೆ ಪತ್ರ ಬರೆಯಲು ಒಂದು ಕಾರಣವಿದೆ. ಫೋನಿನಲ್ಲಾದರೆ ನಾನು ಅರ್ಧದಲ್ಲೇ ಮಾತು ಬದಲಾಯಿಸಿಬಿಡುತ್ತೇನೆ. ನಮ್ಮ ಕಿಟ್ಟಿ ನೆನಪಿರಬೇಕಲ್ಲ, ಪ್ಯಾರಮಟ್ಟಾದಲ್ಲಿ ಹಲ್ಲಿನ ಡಾಕ್ಟರು, ನಿಮ್ಮ ಮನೆಗೆ ಬಂದು ಹನ್ನೊಂದು ಹೋಳಿಗೆ ತಿಂದು ಇನ್ನೂ ತುಪ್ಪ ಕೇಳಿದವನು. ಅವನು ಹೋದ ವರ್ಷ ನನ್ನನ್ನು ಒಂದು ವಿಚಿತ್ರ ಗುಂಪಿಗೆ ಸೇರಿಸಿದ. ತಿಂಗಳ ಮೊದಲ ಶನಿವಾರ ಅಲ್ಲಿನ ಲೈಬ್ರರಿಯ ಮಹಡಿ ಕೋಣೆಯಲ್ಲಿ ಏಳೆಂಟು ಜನ ಸೇರುತ್ತೇವೆ. ಎಲ್ಲರೂ ಹಳೆಯ ಫೋಟೋಗಳನ್ನು ತರುತ್ತಾರೆ. ಅದರಲ್ಲಿ ಎಲ್ಲಾದರೂ ಒಂದು ಕಾರು ಇರಬೇಕು, ಅದು ಯಾವ ಕಂಪನಿಯದು, ಯಾವ ಇಸವಿಯದು ಎಂದು ಪತ್ತೆ ಮಾಡಬೇಕು, ಅಷ್ಟೇ ಆಟ. ಮದುವೆ ಫೋಟೋ ಬಂದರೆ ಹೆಣ್ಣಿನ ಮುಖವನ್ನು ಯಾರೂ ನೋಡುವುದಿಲ್ಲ, ಅವಳ ಸೊಂಟದ ಪಕ್ಕ ಇಣುಕುವ ಬಂಪರನ್ನು ನೋಡುತ್ತಾರೆ. ಒಮ್ಮೆ ಒಂದು ಬಾಗಿಲಿನ ಹಿಡಿಗಾಗಿ ಎರಡು ಗಂಟೆ ಜಗಳವಾಡಿ, ಚಹಾ ಆರಿಹೋಗಿ, ಕೊನೆಗೆ ಅದು ಟ್ರ್ಯಾಕ್ಟರ್ ಎಂದು ಗೊತ್ತಾಯಿತು. ಎಪ್ಪತ್ತು ದಾಟಿದ ನೋಲಾ ಎಂಬ ಹೆಂಗಸು ನಮಗೆಲ್ಲ ಗುರು. ಆಕೆಯ ತಂದೆ ಗ್ಯಾರೇಜ್ ಇಟ್ಟಿದ್ದರಂತೆ. ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಕನ್ನಡಿ ಸದಾ ತೂಗುತ್ತಿರುತ್ತದೆ.

ಮೇ ತಿಂಗಳಲ್ಲಿ ನಾನು ಅಮ್ಮನ ಫೋಟೋ ತೆಗೆದುಕೊಂಡು ಹೋದೆ. ಅದೇ, ಅರಸೀಕೆರೆಯಲ್ಲಿ ಅಣ್ಣ (ಅಪ್ಪನನ್ನು ನಾವು ಅಣ್ಣ ಎನ್ನುವುದು ಅಪೇಕ್ಷಾಗೆ ಇನ್ನೂ ವಿಚಿತ್ರ) ಕಾಂಪೌಂಡರ್ ಆಗಿದ್ದ ಶಾಮಣ್ಣ ಡಾಕ್ಟರ ಶಾಪಿನ ಮುಂದೆ ತೆಗೆದದ್ದು. ಅಮ್ಮ ಕುರ್ಚಿಯಲ್ಲಿ ಕೂತಿದ್ದಾಳೆ, ತೊಡೆಯ ಮೇಲೆ ಕುಲಾವಿ ಹಾಕಿದ ಮಗು, ಹಿಂದೆ ಡಾಕ್ಟರ ಕಾರಿನ ಒಂದು ಚಕ್ರ ಮತ್ತು ಮಡ್‌ಗಾರ್ಡ್. ಆ ಮಗು ನಾನು ಎಂದು ಪುಟ್ಟಮ್ಮ ಸೋದರತ್ತೆ ಹೇಳಿದ್ದರು. ಕಾರು ಡಾಕ್ಟರು ನಲವತ್ತರಲ್ಲಿ ಕೊಂಡ ಷೆವರ್ಲೆ ಎಂದೂ ಅವರೇ ಹೇಳಿದ್ದು. ಅಣ್ಣನನ್ನು ಕೇಳುವ ಹಾಗಿರಲಿಲ್ಲ, ಅಮ್ಮನ ಮಾತು ಬಂದರೆ ಅವರು ಎದ್ದು ಹೊರಗೆ ಹೋಗಿಬಿಡುತ್ತಿದ್ದರು. ಅಮ್ಮ ಹೋದಾಗ ನನಗೆ ಒಂದೂವರೆ ವರ್ಷ. ಅವಳ ಮುಖ ನನಗೆ ಗೊತ್ತಿರುವುದು ಆ ಒಂದು ಫೋಟೋದಿಂದಲೇ. ಹಾಸ್ಟೆಲಿಗೆ, ಬೆಂಗಳೂರಿಗೆ, ಇಲ್ಲಿಗೆ, ಹೋದಲ್ಲೆಲ್ಲ ಅದನ್ನು ಹೊತ್ತು ತಂದಿದ್ದೇನೆ.

ನೋಲಾ ಭೂತಕನ್ನಡಿ ಹಿಡಿದು ನೋಡಿ, “ನೋ ಡಿಯರ್, ಇದು ಷೆವರ್ಲೆ ಅಲ್ಲ” ಎಂದರು. ನಲವತ್ತರ ಷೆವರ್ಲೆಗೆ ತಗಡಿನ ಚಕ್ರ ಇರುತ್ತದಂತೆ. ಇದಕ್ಕೆ ಸೈಕಲ್ಲಿನ ಹಾಗೆ ಕಡ್ಡಿಗಳಿವೆ, ಮಡ್‌ಗಾರ್ಡೂ ಸಣ್ಣದು, ಆಸ್ಟಿನ್ ಇರಬೇಕು ಎಂದರು. ನಾನು ಒಪ್ಪಲಿಲ್ಲ. ಕಿಟ್ಟಿಯೂ ಅವರ ಕಡೆ ಸೇರಿಕೊಂಡ ಮೇಲೆ ನನಗೆ ಹಟ ಬಂತು. ಮೆಲ್ಬರ್ನಿನಲ್ಲಿ ಸ್ಟ್ಯಾನ್ ಎಂಬ ಗೆಳೆಯನ ಹತ್ತಿರ ಅಂಥದೇ ಆಸ್ಟಿನ್ ಈಗಲೂ ಓಡುತ್ತದೆ, ಹೋಗಿ ನೋಡಿ ಬಾ ಎಂದು ನೋಲಾ ವಿಳಾಸ ಕೊಟ್ಟರು. “ಒಂದು ಚಕ್ರ ನೋಡೋಕೆ ಯಾರಾದ್ರೂ ಒಂಬೈನೂರು ಕಿಲೋಮೀಟರ್ ಹೋಗ್ತಾರೇನ್ರೀ?” ಎಂದು ಅನುಸೂಯ ಬೈದು, ಪುಳಿಯೋಗರೆ ಕಟ್ಟಿಕೊಟ್ಟಳು. ಹೋದ ವಾರದ ಲಾಂಗ್ ವೀಕೆಂಡಿನಲ್ಲಿ ಕಿಟ್ಟಿ, ನಾನು, ಅಪೇಕ್ಷಾ ಹೊರಟೆವು.

ಸ್ಟ್ಯಾನ್ ಮಾತು ಕಡಿಮೆಯ ಮನುಷ್ಯ. ಫೋಟೋವನ್ನು ಬಹಳ ಹೊತ್ತು ನೋಡಿ, ಶೆಡ್ಡಿನಿಂದ ಕಾರನ್ನು ಅಂಗಳಕ್ಕೆ ತಂದು ನಿಲ್ಲಿಸಿ, ಒಳಗಿನಿಂದ ಒಂದು ಅಡುಗೆಮನೆ ಕುರ್ಚಿ ತಂದಿಟ್ಟ. ಅಮ್ಮ ಕೂತ ಹಾಗೆ ಅಪೇಕ್ಷಾಳನ್ನು ಕೂರಿಸಿದೆವು. ಕ್ಯಾಮೆರಾದಲ್ಲಿ ನೋಡಿದರೆ ಅಕ್ಕ, ಭುಜದ ಹಿಂದೆ ಅದೇ ಕಡ್ಡಿಗಳು, ಅದೇ ಮಡ್‌ಗಾರ್ಡಿನ ಬಾಗು. ಸೋತೆ ಎಂದು ಒಪ್ಪಿಕೊಂಡೆ. ಸೋತ ಮುಖ ಮುಚ್ಚಿಕೊಳ್ಳಲು, ನೀನು ನನಗೆ ನೂರು ಸಲ ಹೇಳಿದ, ಷೆವರ್ಲೆಗಿಂತ ಮೊದಲು ಡಾಕ್ಟರ ಹತ್ತಿರ ಇದ್ದ ಆಸ್ಟಿನ್ನಿನ ಕಥೆ ಶುರು ಮಾಡಿದೆ. ಕೆರೆ ಏರಿಯ ಮೇಲೆ ಹ್ಯಾಂಡ್‌ಬ್ರೇಕ್ ಹಾಕದೆ ಅವರು ರೋಗಿಯನ್ನು ನೋಡಲು ಇಳಿದದ್ದು, ಕಾರು ತಾನೇ ಉರುಳಿ ನೀರಿಗೆ ಹೋದದ್ದು, ನಾಲ್ಕು ಜೊತೆ ಎತ್ತು ಕಟ್ಟಿ ಎಳೆದರೂ ಬರೀ ಬಾಗಿಲು ಕೈಗೆ ಬಂದದ್ದು. ಎಲ್ಲರೂ ನಕ್ಕರು. ಅಪೇಕ್ಷಾ ಮಾತ್ರ ಕುರ್ಚಿಯಿಂದ ಏಳದೆ, “ಡ್ಯಾಡ್, ವೆನ್ ವಾಸ್ ದಿಸ್?” ಎಂದಳು. ಮೂವತ್ತೊಂಬತ್ತು, ಅತ್ತೆಗೆ, ಅಂದರೆ ನಿನಗೆ, ಆಗ ಮೂರು ವರ್ಷ, ನಾನು ಹುಟ್ಟಿದ್ದು ಅದಾಗಿ ಎರಡು ವರ್ಷಕ್ಕೆ ಎಂದೆ. ಎಂದವನು ಫೋಟೋವನ್ನು ಮತ್ತೆ ಕೈಗೆತ್ತಿಕೊಂಡೆ. “ದೆನ್ ದಟ್ಸ್ ನಾಟ್ ಯೂ,” ಎಂದಳು ಅವಳು. “ದ ಬೇಬಿ ಈಸ್ ಅತ್ತೆ.”

ಹೌದು ಅಕ್ಕ. ನಾನು ಹುಟ್ಟುವ ಮೊದಲೇ ಕೆರೆಯ ಪಾಲಾದ ಕಾರಿನ ಮುಂದೆ ನಾನು ಕೂತಿರಲು ಸಾಧ್ಯವಿಲ್ಲ. ಅಮ್ಮನ ತೊಡೆಯ ಮೇಲಿರುವುದು ನೀನು.

ಸುಳ್ಳು ಹೇಳುವುದಿಲ್ಲ, ಮೊದಲು ನನಗೆ ಹೊಟ್ಟೆಕಿಚ್ಚಾಯಿತು. ಸ್ಟ್ಯಾನ್ ಕೊಟ್ಟ ಚಹಾ ಕುಡಿಯಲಾಗಲಿಲ್ಲ. ಆಮೇಲೆ ನೆನಪಾಯಿತು: ನಾನು ಚಿಕ್ಕವನಿದ್ದಾಗ ಒಂದು ಬೆಳಿಗ್ಗೆ ನೀನು ಪುಟ್ಟಮ್ಮತ್ತೆಯನ್ನು, ಅಮ್ಮನ ಜೊತೆ ನನ್ನದೂ ಒಂದು ಫೋಟೋ ಇಲ್ಲವೇ ಎಂದು ಕೇಳಿದ್ದು. “ಹೆಣ್ಮಕ್ಳಿಗೆ ಯಾರೇ ಫೋಟೋ ತೆಗೆಸ್ತಾರೆ?” ಎಂದಿದ್ದರು. ನೀನು ಜಡೆ ಹಾಕಿಕೊಂಡು ಸ್ಕೂಲಿಗೆ ಹೋದೆ. ಅವತ್ತು ಸಂಜೆ ನಾನು ಆ ಫೋಟೋವನ್ನು ನಿನ್ನ ಮುಖದೆದುರು ಆಡಿಸಿ ಅಣಕಿಸಿದ್ದೆ. ಅದಕ್ಕೆ ಈಗ ಕ್ಷಮೆ ಕೇಳುತ್ತಿದ್ದೇನೆ. ತೆಗೆಸಿದ್ದರು ಅಕ್ಕ. ಅಣ್ಣ ತಮ್ಮ ಮೊದಲ ಮಗಳಿಗಾಗಿ ಫೋಟೋದವನನ್ನು ಕರೆಸಿ, ಕುರ್ಚಿಯನ್ನು ಬೀದಿಗೆ ತಂದು ಹಾಕಿಸಿ, ಡಾಕ್ಟರ ಕಾರಿನ ಮುಂದೆಯೇ ತೆಗೆಸಿದ್ದರು.

ವಾಪಸು ಬರುವಾಗ ಅರ್ಧ ದಾರಿಗೆ ನಗು ಬಂತು. ಆ ಮಗು ಮುಖ ಗಂಟು ಹಾಕಿಕೊಂಡಿರುವುದು ಥೇಟ್ ನೀನು ಭಾವನವರ ಮೇಲೆ ಮುನಿದ ಹಾಗೆಯೇ ಇದೆ. ಮನೆಗೆ ಬಂದು ಹೇಳಿದರೆ ಅನುಸೂಯ, “ಮದುವೆಯಾದಾಗಿನಿಂದ್ಲೂ ಹೇಳ್ತಿದೀನಿ, ಅದು ನಿಮ್ಮ ಮೂಗಲ್ಲ ಅಂತ” ಎಂದು ಒಳಗೆ ಹೋದಳು. ನೋಲಾಗೆ ಫೋನ್ ಮಾಡಿದೆ. ಆಕೆ ಕೇಳಿದ ಮೊದಲ ಪ್ರಶ್ನೆ, ಚಕ್ರ ಸರಿಹೋಯಿತೇ ಎಂದು.

ಭಾವನವರಿಗೆ ನನ್ನ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ಮಂಡಿಯನ್ನು ಅಲಕ್ಷ್ಯ ಮಾಡಬೇಡ.

ನಿನ್ನ ತಮ್ಮ,
ಭಾಸ್ಕರ

ಮರೆತಿದ್ದೆ: ಗುರುವಾರ ನಮ್ಮ ಪಕ್ಕದ ಬೀದಿಯ ಜಯಲಕ್ಷ್ಮಿ ಮೈಸೂರಿಗೆ ಹೊರಟಿದ್ದಾರೆ. ಅವರ ಕೈಯಲ್ಲಿ ಈ ಪತ್ರದ ಜೊತೆ ಫೋಟೋ ಕಳಿಸುತ್ತಿದ್ದೇನೆ, ಪ್ರತಿಯಲ್ಲ, ಅಸಲಿಯೇ. ಅದು ನಿನ್ನದು, ವಾಪಸು ಕಳಿಸಬೇಡ. ಅಮ್ಮ ಹೋದಾಗ ನಿನಗೆ ಏಳು ವರ್ಷ, ನಿನಗೆ ನೆನಪಿರಲೇಬೇಕು. ಫೋಟೋ ಇದೆಯಲ್ಲ ಎಂದುಕೊಂಡು ನಾನು ಇಷ್ಟು ವರ್ಷ ನಿನ್ನನ್ನು ಏನೂ ಕೇಳಲೇ ಇಲ್ಲ. ಅಮ್ಮ ನನ್ನನ್ನು ಹೇಗೆ ಎತ್ತಿಕೊಳ್ಳುತ್ತಿದ್ದಳು, ಏನೆಂದು ಕರೆಯುತ್ತಿದ್ದಳು, ನಿಧಾನವಾಗಿ ಕೂತು ಬರೆ.