ಬಿಳಿ ಹೂ

ಟೊರ್ರೆ ಪಚೆಕೊ, ಸ್ಪೇನ್
ಮೇ 14, ಬುಧವಾರ

ಸೋಯ್ಲಾ ಅಕ್ಕಾ,

ಮಂಡಿ ನೋವು ಹೇಗಿದೆ? ಕೆಂಪು ಕಷಾಯ ಕುಡಿಯುತ್ತಿದ್ದೀಯಾ? ಕುಡಿ, ಬೇಗ ಗುಣವಾಗು. ಕಾಯಿಲೆಯವರ ಹತ್ತಿರ ಜಗಳ ಆಡಲು ನನಗೆ ಮನಸ್ಸು ಬರುವುದಿಲ್ಲ. ಲೆಟ್ಯೂಸ್ ಕೊಯ್ದು ವಾಪಸ್ ಬರುವ ಬಸ್ಸಿನಲ್ಲಿ ಕೂತು ಈ ಪತ್ರವನ್ನು ಫೋನಿಗೆ ಹೇಳಿ ಬರೆಸುತ್ತಿದ್ದೇನೆ. ಪಕ್ಕದ ಹೆಂಗಸು ಕೇಳಿಸಿಕೊಳ್ಳುತ್ತಿದ್ದಾಳೆ. ಕೇಳಲಿ.

ಶಾಲೆಯ ತಾಯಂದಿರ ದಿನದ ಫೋಟೋ ನೀನು ಕಳಿಸಲಿಲ್ಲ. ಎದುರುಮನೆಯ ಎನ್ಮಮ್ಮ ಕಳಿಸಿದಳು, ಅವಳ ಮೊಮ್ಮಗನೂ ಅದೇ ತರಗತಿ. ನನ್ನ ಮಗಳು ದಾಮರಿಸ್ ಎದೆಯ ಮೇಲೆ ಬಿಳಿ ಹೂ. ಬಿಳಿ! ಅಮ್ಮ ಇರುವ ಮಕ್ಕಳಿಗೆ ಕೆಂಪು, ಅಮ್ಮ ಸತ್ತವರಿಗೆ ಬಿಳಿ ಎಂದು ನಿನಗೆ ನಾನು ಹೇಳಿಕೊಡಬೇಕೇ? ನಮ್ಮ ಅಮ್ಮ ತೀರಿಕೊಂಡ ವರ್ಷ ನನಗೆ ಬಿಳಿ ಹೂ ಚುಚ್ಚಿದವಳು ನೀನೇ. ಪಿನ್ನು ತಾಗಿದ್ದು ನನಗೆ, ಅತ್ತವಳು ನೀನು.

ಎನ್ಮಮ್ಮ ಎಲ್ಲ ಹೇಳಿದಳು. ಟೀಚರು ಹೂವಿನ ಬುಟ್ಟಿ ಹಿಡಿದು, 'ಮಗು ನಿಮ್ಮದೇನಮ್ಮಾ?' ಎಂದು ಕೇಳಿದರಂತೆ. ನೀನು ನೆಲ ನೋಡಿಕೊಂಡು, 'ಅಲ್ಲ, ಸುಯಾ' ಎಂದೆಯಂತೆ. ಯಾರ ಸುಯಾ ಅಕ್ಕಾ? ಅವನದು, ಅವಳದು, ಅವರದು, ನಿಮ್ಮದು, ನಮ್ಮ ಸ್ಪ್ಯಾನಿಷಿನಲ್ಲಿ ಎಲ್ಲಕ್ಕೂ ಅದೊಂದೇ ಪದ. ಚಿಕ್ಕವರಿದ್ದಾಗ ಮೊಟ್ಟೆ ಯಾರ ಕೋಳಿಯದು ಎಂದರೆ ನಾವು ಹೀಗೇ 'ಸುಯಾ' ಎಂದು ತೊದಲುತ್ತಿದ್ದೆವು. 'ಹೆಸರು ಹೇಳ್ರೇ, ಬಾಯಲ್ಲೇನು ಮಣ್ಣಾ?' ಎಂದು ಅಜ್ಜಿ ತಲೆಗೆ ಮೊಟಕುತ್ತಿದ್ದಳು. ಕೋಳಿಗೆ ಇದ್ದ ಮರ್ಯಾದೆ ನನಗಿಲ್ಲ. 'ಯೆಸ್ಸೆನಿಯಾ ಮಗಳು, ಅವಳು ಸ್ಪೇನಲ್ಲಿ ಕೆಲಸಕ್ಕಿದಾಳೆ', ಇಷ್ಟು ಹೇಳಲು ನಿನಗೆ ಏನು ನಾಚಿಕೆ? ನಿನ್ನ ಮುಖ ನೋಡಿ ಟೀಚರು ಅಮ್ಮ ಇಲ್ಲದ ಮಗು ಪಾಪ ಅಂದುಕೊಂಡು ಬಿಳಿಯದನ್ನೇ ಚುಚ್ಚಿದರು. ನೀನು ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟಿದೆ.

ಮೂರು ವರ್ಷದಿಂದ ಸಾಕಿದವಳು ನೀನೇ, ಒಪ್ಪಿದೆ. ಜ್ವರಕ್ಕೆ ಎದ್ದು ಕೂತವಳೂ ನೀನೇ, ಜಡೆ ಹಾಕುವವಳೂ ನೀನೇ. ಜಡೆ ನಿನ್ನದು. ಮಗಳು ನನ್ನವಳು. ನಾಳೆಯೇ ಶಾಲೆಗೆ ಹೋಗಿ ಟೀಚರ ಮುಂದೆ ನನ್ನ ಹೆಸರು ಹೇಳು. 'ಅವಳ', 'ನಮ್ಮ' ಒಂದೂ ಬೇಡ. ಹೆಸರು.

ನಿನ್ನ ಗಂಡುಮಕ್ಕಳಿಗೆ ಮುತ್ತು. ನಿನಗೆ ಈ ಸಲ ಇಲ್ಲ.

ಇನ್ನೂ ಉಸಿರಾಡುತ್ತಿರುವ ತಂಗಿ,
ಯೆಸ್ಸೆನಿಯಾ

ಮರೆತೆ, ಬಸ್ಸು ನಿಲ್ಲುತ್ತಿದೆ. ನಿನ್ನೆ ನೀನು ಸಂತೆಗೆ ಹೋಗಿದ್ದಾಗ ದಾಮರಿಸ್ ಫೋನ್ ಮಾಡಿದ್ದಳು. ಬಿಳಿ ಹೂವನ್ನು ಲೋಟದ ನೀರಲ್ಲಿ ಇಟ್ಟಿದ್ದಾಳೆ. ನಿನ್ನ ಮಕ್ಕಳು ನನ್ನನ್ನು ಕರೆಯುವ ಹಾಗೇ ಕರೆದಳು. 'ನಿಮಗೇ ಅಂತ ಎತ್ತಿಟ್ಟಿದೀನಿ, ಚಿಕ್ಕಮ್ಮಾ.' ನಾನು ತಿದ್ದಲಿಲ್ಲ. 'ಚೆನ್ನಾಗಿದೆ ಪುಟ್ಟಾ' ಎಂದೆ. ನೀನು ಹೇಳಿಕೊಡು ಅಕ್ಕಾ. ನೀನು ಹೇಳಿದರೆ ನಂಬುತ್ತಾಳೆ.