ಚಹಾದ ನೀರು ಸವರಿದ ಹಿಮ

೧೮ ಡಿಸೆಂಬರ್ ೧೯೯೭, ಗುರುವಾರ, ಕರಾಮ, ದುಬೈ

ಜಿನರಾಜಣ್ಣನ ಮನಸ್ಸಿನಲ್ಲಿ ಏನಿದೆಯೋ ತಿಳಿಯುತ್ತಿಲ್ಲ.

ಅವರ ಅಂಗಡಿಯಲ್ಲಿ ಕೂತು ನಾಲ್ಕು ವರ್ಷದಿಂದ ಹಳೆಯ ಕ್ರಿಸ್‌ಮಸ್ ಕಾರ್ಡುಗಳ ಚಿತ್ರಗಳನ್ನು ನೋಡಿ ನೋಡಿ ಬಿಡಿಸುತ್ತಿದ್ದೇನೆ. ನಾನು ಕಂಡೇ ಇಲ್ಲದ ಹಿಮ, ಜಾರುಬಂಡಿ, ಕೆಂಪು ಕೋಟಿನ ಅಜ್ಜ. ಈ ವರ್ಷ ಮಾತ್ರ ನಿನ್ನ ಹೆಸರು ಹಾಕಬೇಡ, ಕಾಗದಕ್ಕೆ ಮೊದಲೇ ಚಹಾದ ನೀರು ಸವರಿ ಹಳದಿ ಮಾಡು ಎಂದರು. ಯಾಕೆಂದು ಕೇಳಿದರೆ, "ನಿಂಗೆ ಯಾಕೆ ಮಾರಾಯ? ಹೇಳಿದಷ್ಟು ಮಾಡು, ಖಲಾಸ್." ಆಗಲೇ ಅನುಮಾನ ಬಂದಿತ್ತು.

ಇವತ್ತು ಅಬುಧಾಬಿಯಿಂದ ಧಾರವಾಡ ಕಡೆಯ ಡಾಕ್ಟರ್ ನಿವೇದಿತಾ ಬಂದರು. "ಲಂಡನ್ನಿಂದು, ಎಂಬತ್ತು ವರ್ಷ ಹಳೇದು" ಎಂದು ಅಣ್ಣ ನನ್ನ ಚಿತ್ರವನ್ನೇ ತೋರಿಸಿದರು. ಆಕೆ ನನ್ನ ಕಡೆ ತಿರುಗಿದರು.

"ಖರೇನ ಅಷ್ಟು ಹಳೇದೇನ್ರಿ?"

ಅಣ್ಣ ನನ್ನನ್ನೇ ನೋಡುತ್ತಿದ್ದರು.

"ಇಲ್ಲ ಮೇಡಂ. ನಾನೇ ಬಿಡಿಸಿದ್ದು, ಹೋದ ವಾರ."

ಆಕೆ ನಕ್ಕರು. "ಹಂಗಾದ್ರ ನಿಮ್ಮ ಹೆಸರು ಬರದು ಕೊಡ್ರಿ, ತಗೊಂಡು ಹೋಗ್ತೀನಿ."

ಚಿತ್ರದ ಮೂಲೆಯಲ್ಲಿ ಹೆಸರು ಬರೆದೆ. ಅಣ್ಣ ತಾವೇ ಕಟ್ಟಿಕೊಟ್ಟು ಆಕೆಯನ್ನು ಬಾಗಿಲವರೆಗೆ ಕಳಿಸಿ ಬಂದರು.

ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು, "ಊಟ ಆಯ್ತಾ ಗುಣಪಾಲ?" ಎಂದರು. ನಾಲ್ಕು ವರ್ಷದಲ್ಲಿ ಒಮ್ಮೆಯೂ ಹಾಗೆ ಕೇಳಿದವರಲ್ಲ. ಅಂಗಡಿ ಮುಚ್ಚುವಾಗ ಅಷ್ಟೇ ಮೆತ್ತಗೆ, "ನಿನ್ನ ವೀಸಾ ಯಾವಾಗ ಮುಗಿಯುದು?"

ಫೆಬ್ರವರಿಯಲ್ಲಿ ಎಂದೆ. ವೀಸಾ ಮುಂದುವರಿಸುವವರು ಅವರೇ, ನನ್ನ ಪಾಸ್‌ಪೋರ್ಟೂ ಅವರ ಕಪಾಟಿನಲ್ಲೇ ಇದೆ. ತಾರೀಕು ಅವರಿಗೆ ಗೊತ್ತಿಲ್ಲವೇ?

ನಿಜ ಹೇಳಿದ್ದು ತಪ್ಪೆಂದು ಈಗಲೂ ಅನಿಸುತ್ತಿಲ್ಲ. ಆದರೆ ಅಣ್ಣ ಅಲ್ಲೇ ನಾಲ್ಕು ಮಾತು ಬೈದುಬಿಟ್ಟಿದ್ದರೆ ಈ ಹೊತ್ತಿಗೆ ನನಗೆ ನಿದ್ದೆಯಾದರೂ ಬಂದಿರುತ್ತಿತ್ತು.