ವರ್ಷತೊಡಕಿನ ಕೌಸ್ವೆ

ಸೋಮನಹಳ್ಳಿ
9-2-2025, ಭಾನುವಾರ ಸಂಜೆ

ಪ್ರೀತಿಯ ಸೊಸೆ ರಂಜಿತಾಗೆ ನಿಮ್ಮತ್ತೆಯ ಆಶೀರ್ವಾದ.

ನಿಮ್ಮಮ್ಮನ ಮಂಡಿ ಹೇಗಿದೆ? ಆಪರೇಷನ್ ಆದ ಕಾಲನ್ನು ಊರಿ ನಡೆಯುತ್ತಾರಾ? ಮೈಸೂರಿನಲ್ಲಿ ಬೆಳಗಿನ ಚಳಿ ಇನ್ನೂ ಹೋಗಿಲ್ಲವಂತೆ, ಕಿವಿಗೆ ಬಟ್ಟೆ ಕಟ್ಟಿಕೋ. ಇಲ್ಲಿ ನಿನ್ನ ಮಗಳು ಅರ್ಪಿತ ಚೆನ್ನಾಗಿದ್ದಾಳೆ. ಮೊದಲೇ ಹೇಳಿಬಿಡುತ್ತೇನೆ, ಚೆನ್ನಾಗಿದ್ದಾಳೆ, ಮುಂದಿನದನ್ನು ಓದಿ ಗಾಬರಿ ಬೀಳಬೇಡ. ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು, ತಪ್ಪಿದ್ದರೆ ತಿದ್ದಿಕೊಂಡು ಓದು.

ಇವತ್ತು ನಾನು ಕೌಸ್ವೆ ಮಾಡಿದೆ! ಬರ್ಮಾದಿಂದ ಬಂದ ನಿಮ್ಮಜ್ಜಿ ನಿನಗೆ ಕಲಿಸಿದ ನೂಡಲ್ಸು ಸಾರು, ಅದೇ. ಹೋದ ಯುಗಾದಿಯ ಮಾರನೆಯ ದಿನ, ವರ್ಷತೊಡಕಿಗೆ ನೀನು ಅದನ್ನು ಮಾಡಿದಾಗ ಮಗುವಿನ ತುಟಿ ಊದಿ, ಸೋಯಾ ಈ ಮಗುವಿಗೆ ಆಗುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ನಮ್ಮ ಮನೆಯಲ್ಲಿ ಯಾರೂ ಆ ಹೆಸರೆತ್ತಿರಲಿಲ್ಲ. "ನಾನು ಸೋಯಾ ಹಾಕೇ ಇಲ್ಲ ಅತ್ತೆ" ಅಂತ ನೀನು ಎಷ್ಟು ಹೇಳಿದರೂ ಕೇಳದೆ ನಾನು ಪಾತ್ರೆ ಸಮೇತ ತಿಪ್ಪೆಗೆ ಎಸೆದೆ. ಆದರೆ ನೀನು ಹೋದಾಗಿನಿಂದ ಮಗುವಿನದು ಒಂದೇ ಹಟ, "ಅಜ್ಜೀ, ಅಮ್ಮನ್ ಕೌಸ್ವೆ ಮಾಡ್ಕೊಡು". ನೀನು ಮಾಡುವಾಗ ಬಾಗಿಲಿಗೆ ಒರಗಿ ಅನುಮಾನದಿಂದ ನೋಡುತ್ತಿದ್ದೆನಲ್ಲ, ಅದೇ ಈಗ ಉಪಯೋಗಕ್ಕೆ ಬಂತು. ಅಂಗಡಿ ನೂಡಲ್ಸಿನ ಮೇಲಿನ ಇಂಗ್ಲಿಷು ಓದಲು ಬಾರದೆ ಮನೆಯಲ್ಲೇ ಅಕ್ಕಿ ಶಾವಿಗೆ ಒತ್ತಿದೆ. ಪ್ಯಾಕೆಟ್ ಎಣ್ಣೆ ಬೇಡವೆಂದು ಗಾಣದ ಕಡಲೆಕಾಯಿ ಎಣ್ಣೆ. ಕೋಳಿ ಬೇಯಿಸಿ, ಕಡಲೆಹಿಟ್ಟು ಕದಡಿ, ತೆಂಗಿನಹಾಲು ಬಿಟ್ಟೆ. ಮೇಲೆ ಕರಿದ ಈರುಳ್ಳಿ, ಬೇಯಿಸಿದ ಮೊಟ್ಟೆ, ನಿಂಬೆಹುಳಿ. ಉಳಿದ ಕಡಲೆಹಿಟ್ಟನ್ನು ನಿನ್ನ ಹಾಗೆಯೇ ಗಟ್ಟಿಯಾಗಿ ಕಾಯಿಸಿ, ತಟ್ಟೆಗೆ ಸುರಿದು, ಆರಿದ ಮೇಲೆ ಕತ್ತರಿಸಿ ಎಣ್ಣೆಗೆ ಬಿಟ್ಟೆ. ಹೊರಗೆ ಗರಿಗರಿ, ಒಳಗೆ ಬೆಣ್ಣೆ!

ಮಗು ಬಟ್ಟಲು ಎತ್ತಿ ಕುಡಿಯಿತು ಕಣಮ್ಮ! ಡಾಕ್ಟರು ಕೊಟ್ಟಿದ್ದ ಔಷಧಿ ನನ್ನ ಮಡಿಲಲ್ಲಿ, ನಿನ್ನ ಗಂಡ ಮಹದೇವು ಬೈಕಿನ ಕೀ ಹಿಡಿದು ಬಾಗಿಲಲ್ಲಿ. "ಮದ್ದೂರ್ ಆಸ್ಪತ್ರೆಗೆ ಓಗಕ್ಕೆ ನಾನ್ ರೆಡಿ ಕಣವ್ವ, ಅದ್ಕೂ ಮುಂಚೆ ನಂಗೊಂದ್ ಬಟ್ಲು ಆಕು" ಅಂತ ಅವನ ತಮಾಷೆ. ನಾನು ಗಳಿಗೆಗೊಮ್ಮೆ ತುಟಿ ನೋಡಿದೆ, ನಾಲಗೆ ನೋಡಿದೆ. "ನನ್ ಬಾಯೊಳ್ಗೆ ಸಿನ್ಮಾ ಆಕವ್ರಾ ಅಜ್ಜಿ?" ಅಂತಾಳೆ ನಿನ್ನ ಮಗಳು. ಈಗ ಸಂಜೆಯಾಯಿತು, ಏನೂ ಆಗಿಲ್ಲ. ಬೀದಿಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಾಳೆ.

ನಿಮ್ಮಮ್ಮನಿಗೆ ನನ್ನ ನಮಸ್ಕಾರ ಹೇಳು. ವೈದ್ಯನಾಥಪುರದ ಸ್ವಾಮಿ ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ.

ಇಂತಿ ನಿಮ್ಮತ್ತೆ
ದೇವಿರಮ್ಮ

ಇನ್ನೊಂದು ಮಾತು. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಗುರುವಾರ ರಾಗಿ ಬೀಸಿಸಲು ಹೋಗಿದ್ದೆ. ಗಿರಣಿಯ ಹೊನ್ನಯ್ಯ, "ಓದ್ ಯುಗಾದೀಲಿ ಮಗೀಗೆ ಸಕ್ತಿ ಬರ್ಲಿ ಅಂತ ಬೆರ್ಸ್ಕೊಂಡ್ ಓದ್ಯಲ್ಲ, ಆ ಸೋಯಾ ಕಾಳ್ನ ಈ ಸಲನೂವೆ ಆಕ್ಲೇನಕ್ಕ?" ಅಂದ. ಸೋಯಾ ಅಂದರೆ ನೂಡಲ್ಸಿಗೆ ಹಾಕುವ ಸೀಸೆಯ ಕರೀ ನೀರು ಅಂತಲೇ ನಾನು ತಿಳಿದಿದ್ದೆ ಮಗಳೇ, ಆ ಕಾಳೂ ಅದೇ ಅಂತ ಗೊತ್ತಿರಲಿಲ್ಲ. ಅವತ್ತು ನೀನು ಬಡಿಸುವುದಕ್ಕೆ ಮುಂಚೆ ಆ ಕಾಳು ಬೆರೆತ ರಾಗಿಹಿಟ್ಟಿನ ಅಂಬಲಿಯನ್ನು ಮಗುವಿಗೆ ಕುಡಿಸಿದವಳು ನಾನು. ಉಳಿದ ಹಿಟ್ಟಿಗೆ ಹುಳು ಬಿತ್ತೆಂದು ಹಸುವಿಗೆ ಹಾಕಿದ್ದೆ. ಈಗ ಗಿರಣಿಯ ಕಲ್ಲಿಗೂ ಸೋಯಾ ಅಂಟಿರುತ್ತದೆಂದು ರಾಗಿ ಚೀಲವನ್ನು ಹಾಗೇ ವಾಪಸ್ ಹೊತ್ತು ತಂದು ಮನೆಯ ಬೀಸುಕಲ್ಲಿನಲ್ಲೇ ಬೀಸಿದೆ. ಮಹದೇವುಗೂ ಹೇಳಿದ್ದೇನೆ. ವರ್ಷತೊಡಕಿಗೆ ಮುಂಚೆ ಬಾ, ಹೊಸ ಪಾತ್ರೆ ತಂದಿಟ್ಟಿದ್ದೇನೆ, ಹೋದದ್ದಕ್ಕಿಂತ ದೊಡ್ಡದು. ಅವತ್ತು ನಾನು ತಿಪ್ಪೆಗೆ ಎಸೆದದ್ದನ್ನು ನೋಡಿದ ಬೀದಿಯವರನ್ನೆಲ್ಲ ಕರೆಯುತ್ತೇನೆ. ನೀನು ಕೌಸ್ವೆ ಬಡಿಸು, ತಪ್ಪು ನನ್ನದೆಂದು ನಾನು ಹೇಳುತ್ತೇನೆ.